ಮಂಟಪದ ದಿನ ಸಂಜೆಗೇ ಶುರು

ಒಂದು ಮಂಟಪಕ್ಕೆ ಒಂದು ತಾರೀಖಿಗೆ ಒಂದೇ ಮದುವೆ. ಇದನ್ನು ನನ್ನ ಜೊತೆ ಕೆಲಸ ಮಾಡುವ ಅವಳು ಒಂದೇ ಸಾಲಿನ ಕೋಡಿನಲ್ಲಿ ಬರೆದು ಮುಗಿಸಿದ್ದಳು.

ನಾವು ಬಳಸುವ ವೆಬ್ ಫ್ರೇಮ್‌ವರ್ಕ್‌ನಲ್ಲಿ ಡೇಟಾಬೇಸಿನ ಪ್ರತಿ ಕೋಷ್ಟಕಕ್ಕೂ ಒಂದು ಮಾಡೆಲ್ ಬರೆಯಬೇಕು. ಕೋಷ್ಟಕದ ಒಂದೊಂದು ಅಂಕಣ ಒಂದೊಂದು ಫೀಲ್ಡ್. ಪ್ರತಿ ಫೀಲ್ಡ್‌ನ ಸ್ವಭಾವವನ್ನು ಅದರ ಆಯ್ಕೆಗಳು ತೀರ್ಮಾನಿಸುತ್ತವೆ: ಇದು ಖಾಲಿ ಇರಬಹುದೇ, ಯಾರೂ ಏನೂ ತುಂಬದಿದ್ದರೆ ಡಿಫಾಲ್ಟ್ ಆಗಿ, ಅಂದರೆ ತಾನಾಗಿ, ಏನು ಬಂದು ಕೂರಬೇಕು, ಒಮ್ಮೆ ಬಂದದ್ದು ಮತ್ತೊಮ್ಮೆ ಬರಬಹುದೇ. ಅವಳ ಬುಕಿಂಗ್ ಮಾಡೆಲ್‌ನಲ್ಲಿ ಮಂಟಪ ಮತ್ತು ತಾರೀಖು, ಈ ಎರಡು ಫೀಲ್ಡ್‌ಗಳ ಜೋಡಿ ಮತ್ತೆ ಬರಕೂಡದು ಎಂಬ ಯೂನಿಕ್ ಷರತ್ತು ಇತ್ತು. ಅಷ್ಟೇ. ಅದೇ ಕೆಲಸಕ್ಕೆ ನಾನು ಬರೆದ ಮಾಡೆಲ್ ಪರದೆ ತುಂಬಿ ಕೆಳಗಿಳಿದಿತ್ತು: ಶುರುವಾಗುವ ಸಮಯ, ಮುಗಿಯುವ ಸಮಯ, ಒಂದು ಬುಕಿಂಗ್ ಇನ್ನೊಂದರ ಮೇಲೆ ಬೀಳುತ್ತದೆಯೇ ಎಂದು ತಪಾಸಣೆ ಮಾಡುವ ಉದ್ದನೆಯ ಕೋಡು.

ಕೊಪ್ಪಳದ ಟೈಲ್ಸ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ನಮ್ಮ ಸರ್ ಎರಡನ್ನೂ ಅಕ್ಕಪಕ್ಕ ತೆರೆದುಕೊಂಡು ನೋಡಿದರು.

"ಇದಕ್ಕ ಅಂತಾರ ನೋಡ್ರಿ ಕೆಲಸ" ಎಂದು ಅವಳದನ್ನು ತೋರಿಸಿದರು. "ಓದಿದ ಕೂಡ್ಲೆ ತಿಳೀತೈತಿ. ಮೇಡಂ, ನೀವು ಬರದಿದ್ದು ಪುರಾಣ ಆತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ, ತಲೆ ತಗ್ಗಿಸಿದಳು. ಆ ತಲೆ ತಗ್ಗಿಸಿದ್ದು ನನ್ನನ್ನು ನಗುವಿಗಿಂತ ಹೆಚ್ಚು ಚುಚ್ಚಿತು. ನನಗಿಂತ ಕಿರಿಯಳು, ಯಲಬುರ್ಗಾದವಳು, ನಮ್ಮಲ್ಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗೆದ್ದಾಗ ಹೇಗಿರಬೇಕು ಎಂಬುದೂ ಅವಳಿಗೆ ಆಗಲೇ ಗೊತ್ತಿತ್ತು.

ನನಗೆ ಬೇಕಾದದ್ದು ಬರೀ ಹೊಗಳಿಕೆ ಆಗಿರಲಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಊರಿನಲ್ಲಿ ಒಂದೇ ಮನೆತನದವರ ಕಲ್ಯಾಣ ಮಂಟಪಗಳಿವೆ. ನಾಲ್ಕಕ್ಕೂ ಬುಕಿಂಗ್ ವ್ಯವಸ್ಥೆ ಕೂರಿಸಿ, ಅಲ್ಲಿಯ ಜನರಿಗೆ ಕಲಿಸಿ, ಮುಂದೆ ಅದರ ಉಸ್ತುವಾರಿ ನೋಡಿಕೊಳ್ಳಲು ನಮ್ಮಲ್ಲಿ ಒಬ್ಬರನ್ನು ಆರಿಸಬೇಕಿತ್ತು. ಆ ಒಬ್ಬರು ನಾನೇ ಎಂದು ಗಂಗಾವತಿಯ ಮನೆಯಲ್ಲಿ ಅಮ್ಮಿಗೆ ಆಗಲೇ ಹೇಳಿಬಿಟ್ಟಿದ್ದೆ. ಅಮ್ಮಿ ಅದನ್ನು ಓಣಿಯಲ್ಲಿ ಎಷ್ಟು ಜನಕ್ಕೆ ಹೇಳಿದ್ದಳೋ.

ಅವಳ ಮಾಡೆಲ್ ಗಂಗಾವತಿಯ ಮಂಟಪದಲ್ಲಿ ಪ್ರಯೋಗಕ್ಕೆ ಬಂತು. ಬುಕಿಂಗ್ ಹಾಕುವಾಗ ಆ ತಾರೀಖು ಖಾಲಿ ಇದ್ದರೆ ಪರದೆಯ ಮೇಲೆ ಹಸಿರು, ತುಂಬಿದ್ದರೆ ಕೆಂಪು. ಅಲ್ಲಿಯ ಮ್ಯಾನೇಜರ್‌ಗೆ ಇದು ಎಷ್ಟು ಇಷ್ಟವಾಯಿತೆಂದರೆ ಸರ್‌ಗೆ ಫೋನ್ ಮಾಡಿ, "ನಿಮ್ಮ ಯಲಬುರ್ಗಾದ ಹುಡುಗಿ ಭಾಳ ಶ್ಯಾಣ್ಯಾಕಿ ಅದಾಳ್ರಿ" ಎಂದರಂತೆ. ಸರ್ ಅದನ್ನು ಚಹಾದ ಹೊತ್ತಿಗೆ ಎಲ್ಲರ ಮುಂದೆ ಹೇಳಿದರು. ಆ ದಿನದ ಡೈರಿಯಲ್ಲಿ ಬೇರೇನೂ ಇಲ್ಲ, ಆ ಮಾತು ಮಾತ್ರ ಇದೆ. ಬೇರೆ ಏನೇನೋ ನಡೆದಿರಬೇಕು, ನಾನು ಬರೆದಿಲ್ಲ.

ಕೋಡಿನ ಪರಿಶೀಲನೆ ನನ್ನ ಪಾಲಿಗಿತ್ತು. ಹಿರಿಯಳೆಂಬ ಕಾರಣಕ್ಕೆ ನನಗೆ ಉಳಿದಿದ್ದ ಹಕ್ಕು ಅದೊಂದೇ. ಅವಳ ಮಾಡೆಲ್ ಫೈಲನ್ನು ಒಂದೊಂದೇ ಫೀಲ್ಡ್ ಹಿಡಿದು ಓದಿದೆ. ಅವಳನ್ನು ಮೆಚ್ಚುವ ಯಾರೂ ಅಷ್ಟು ನಿಧಾನವಾಗಿ ಓದುತ್ತಿರಲಿಲ್ಲ. ಫೋನ್ ನಂಬರನ್ನು ಅಂಕಿಯ ಫೀಲ್ಡ್‌ನಲ್ಲಿ ಇಟ್ಟಿದ್ದಾಳೆಯೇ? ಇಲ್ಲ, ಅಕ್ಷರದ ಫೀಲ್ಡ್‌ನಲ್ಲೇ ಇಟ್ಟಿದ್ದಾಳೆ, ಉದ್ದಕ್ಕೆ ಮಿತಿಯೂ ಇದೆ. ಅದನ್ನು ಯೂನಿಕ್ ಮಾಡಿದ್ದಾಳೆಯೇ? ಮಾಡಿಲ್ಲ, ಒಂದೇ ಮನೆಯವರು ಎರಡು ಮದುವೆಗೆ ಒಂದೇ ನಂಬರ್ ಕೊಡಬಹುದೆಂದು ಅವಳಿಗೆ ಹೊಳೆದಿದೆ. ಮಂಟಪವನ್ನು ಅಳಿಸಿದರೆ ಅದರ ಬುಕಿಂಗ್‌ಗಳೂ ಅಳಿಸಿಹೋಗುತ್ತವೆಯೇ? ಇಲ್ಲ, ಬುಕಿಂಗ್ ಇರುವ ಮಂಟಪವನ್ನು ಅಳಿಸಲು ಬಿಡದ ಆಯ್ಕೆ ಕೊಟ್ಟಿದ್ದಾಳೆ. ಟಿಪ್ಪಣಿಯ ಫೀಲ್ಡನ್ನು ಫಾರ್ಮಿನಲ್ಲಿ ಖಾಲಿ ಬಿಡಬಹುದು, ಆದರೆ ಡೇಟಾಬೇಸಿನಲ್ಲಿ ಅದು ನಲ್, ಅಂದರೆ ಏನೆಂದೇ ಗೊತ್ತಿಲ್ಲದ್ದು, ಆಗದೆ ಖಾಲಿ ಅಕ್ಷರವಾಗಿ ಕೂರುತ್ತದೆ. ಇದು ನಾನೇ ಅವಳಿಗೆ ಬಂದ ಹೊಸದರಲ್ಲಿ ಹೇಳಿಕೊಟ್ಟದ್ದು. ಅಥವಾ ಹೇಳಿಕೊಟ್ಟೆ ಎಂದು ಈಗ ಅಂದುಕೊಳ್ಳುತ್ತಿದ್ದೇನೆ.

ಮುರಿಯಲು ನೋಡಿದೆ. ಕಳೆದುಹೋದ ತಾರೀಖು ಹಾಕಿದೆ; ಒಪ್ಪಲಿಲ್ಲ. ಹೆಸರಿನ ಜಾಗದಲ್ಲಿ ಬರೀ ಸ್ಪೇಸ್ ಒತ್ತಿದೆ, ಒಪ್ಪಲಿಲ್ಲ. ಕೊನೆಗೆ ಬೇಸರದಿಂದ, ನಾನು ಹೋಗಿಬಂದ ಮದುವೆಗಳನ್ನೇ ಮುಂದೆ ಬರುವ ತಾರೀಖುಗಳಿಗೆ ಒಂದಾದ ಮೇಲೊಂದು ತುಂಬತೊಡಗಿದೆ. ಚಿಕ್ಕಪ್ಪನ ಮಗಳ ನಿಕಾಹ್ ಭಾನುವಾರ. ಸೂರ್ಯ ಮುಳುಗಿದ ಮೇಲಿನ ಮಗ್ರಿಬ್ ನಮಾಜಿನ ನಂತರ ನಿಕಾಹ್, ಆಮೇಲೆ ಊಟ, ಪಾತ್ರೆ ತೊಳೆದು ಎಲ್ಲರೂ ಹೊರಡುವಾಗ ಕತ್ತಲಾಗಿ ಬಹಳ ಹೊತ್ತಾಗಿತ್ತು. ಮರುದಿನ ಸೋಮವಾರಕ್ಕೆ ಕಾಲೇಜಿನ ಗೆಳತಿಯ ಮದುವೆ ಹಾಕಿದೆ. ಹಸಿರು ಬಂತು. ಆ ಗೆಳತಿಯ ಮದುವೆಗೆ ನಾವು ಹೋದದ್ದು ಹಿಂದಿನ ಸಂಜೆ. ಅಂದೇ ಮಂಟಪದಲ್ಲಿ ಅರಿಶಿನ ಹಚ್ಚಿದ್ದರು, ಅಲ್ಲೇ ಚಾಪೆ ಹಾಸಿ ಮಲಗಿದ್ದೆವು.

ಹಿಂದಿನ ಸಂಜೆ. ಅಂದರೆ ಭಾನುವಾರ ಸಂಜೆ.

ತಾರೀಖುಗಳು ಬೇರೆ, ಷರತ್ತು ಮುರಿದಿಲ್ಲ, ಎರಡೂ ಹಸಿರು. ಆದರೆ ಭಾನುವಾರ ಸಂಜೆ ಎರಡೂ ಮದುವೆಯ ಜನ ಒಂದೇ ಬಾಗಿಲಲ್ಲಿ ನಿಂತಿರುತ್ತಾರೆ. ಕ್ಯಾಲೆಂಡರಿನ ದಿನ ನಡುರಾತ್ರಿಗೆ ಶುರುವಾಗುತ್ತದೆ. ಮಂಟಪದ ದಿನ ಸಂಜೆಗೇ ಶುರುವಾಗುತ್ತದೆ, ಅದೂ ಕೆಲವರಿಗೆ ಮಾತ್ರ.

ನನ್ನ ಮಾಡೆಲ್ ಆಗಿದ್ದರೆ ಇದು ಸಿಕ್ಕಿಬೀಳುತ್ತಿತ್ತು ಎಂದು ಎಷ್ಟೋ ದಿನ ನಂಬಿದ್ದೆ. ಇದನ್ನು ಬರೆಯುವ ಮುನ್ನ ಹಳೆಯ ಫೈಲನ್ನು ತೆರೆದು ನೋಡಿದೆ. ಶುರುವಿನ ಸಮಯಕ್ಕೆ ನಾನು ಕೊಟ್ಟ ಡಿಫಾಲ್ಟ್ ಬೆಳಿಗ್ಗೆ, ಮುಗಿಯುವುದಕ್ಕೆ ರಾತ್ರಿ, ಎರಡೂ ಅದೇ ತಾರೀಖಿನಲ್ಲಿ. ಯಾರೂ ಅದನ್ನು ಬದಲಿಸುವ ಗೋಜಿಗೆ ಹೋಗದಿದ್ದರೆ ನನ್ನದೂ ಹಸಿರನ್ನೇ ತೋರಿಸುತ್ತಿತ್ತು.

ಅದು ಶನಿವಾರ. ಸೋಮವಾರ ಗಂಗಾವತಿಯಲ್ಲಿ ಮ್ಯಾನೇಜರ್ ಜೊತೆ ಸಭೆ. ಅದಾದ ಮೇಲೆ ಉಸ್ತುವಾರಿ ಯಾರಿಗೆ ಎಂದು ಹೇಳುವುದಾಗಿ ಸರ್ ತಿಳಿಸಿದ್ದರು. ನಾನು ಪರಿಶೀಲನೆಯ ಟಿಪ್ಪಣಿಯಲ್ಲಿ ಏನೂ ಬರೆಯಲಿಲ್ಲ.

ಸೋಮವಾರ ಸರ್ ಕಾರಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅವಳು, ನಾನು. ದಾರಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡಳು.

"ಅಕ್ಕಾ, ತಗೋರಿ. ಖಾರ ಇಲ್ರಿ ಅಷ್ಟ."

ತೆಗೆದುಕೊಂಡೆ. ಖಾರ ಇತ್ತು. ಗಂಗಾವತಿ ಹತ್ತಿರವಾದಂತೆ ಎರಡೂ ಕಡೆ ಗದ್ದೆ, ಅಕ್ಕಿ ಮಿಲ್ಲಿನ ವಾಸನೆ. ನನ್ನ ಊರು. ಇಲ್ಲಿ ಅವಳು ಹೊರಗಿನವಳು ಎಂದು ನನಗೆ ನಾನೇ ಹೇಳಿಕೊಂಡೆ.

ಮ್ಯಾನೇಜರ್ ಕಾಕಾ ಮಂಟಪದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತು, ನಮಗೆ ಚಹಾ ಹೇಳಿ, ಹಸಿರು ಕೆಂಪಿನ ಮಹಿಮೆ ಶುರು ಮಾಡಿದರು.

"ಮೊದಲ ಹಗಲೆಲ್ಲ ಫೋನಿನ್ಯಾಗ ಇರ್ತಿದ್ದೆ. ಆ ಪಾರ್ಟಿಗೆ ಕೇಳು, ಈ ಪಾರ್ಟಿಗೆ ಕೇಳು. ಈಗ ಹಸಿರ ಬತ್ತಂದ್ರ ಮುಗೀತು. ನಾ ಯಾರಿಗೂ ಫೋನ್ ಮಾಡಂಗಿಲ್ಲ."

ನಾನು ಕಾಯುತ್ತಿದ್ದದ್ದು ಇದಕ್ಕೇ.

"ಕಾಕಾ, ನಮ್ಮ ಹಳ್ಳಿ ಕಡಿ ಮದುವಿ ಇದ್ರ ಬೀಗ್ರು ಯಾವಾಗ ಬರ್ತಾರ್ರಿ?"

"ಹಿಂದಿನ ದಿನ ಸಂಜೀಕವ್ವ. ಅಡಗಿಯವ್ರು ಇನ್ನೂ ಮೊದಲ ಬಂದು ಒಲಿ ಹಚ್ಚತಾರ."

"ನಿಕಾಹ್ ಇದ್ರ?"

"ಅದು ಅವತ್ತ ಸಂಜೀಕ. ನಿನಗ ಗೊತ್ತಿಲ್ಲೇನು, ನಿಮ್ಮದ ಅಲ್ಲ?"

ನಾನು ಮೌಸ್ ತೆಗೆದುಕೊಂಡು ಭಾನುವಾರಕ್ಕೆ ಒಂದು ನಿಕಾಹ್, ಸೋಮವಾರಕ್ಕೆ ಒಂದು ಮದುವೆ ಹಾಕಿದೆ. ಎರಡು ಹಸಿರು. "ಭಾನುವಾರ ಸಂಜೀಕ ನಿಮ್ಮ ಬಾಗಿಲದಾಗ ಯಾರ್ಯಾರು ನಿಂತಿರ್ತಾರ, ನೀವ ಹೇಳ್ರಿ."

ಕಾಕಾ ಪರದೆ ನೋಡಿದರು, ಸರ್ ಮುಖ ನೋಡಿದರು. "ಇದನ್ನೆಲ್ಲ ಮೊದಲ ನಾ ಬಾಯಿಲೆ ಹೊಂದಸ್ತಿದ್ದೆ ಬಿಡ್ರಿ. ನಿಮ್ಮ ಹಸಿರ ನಂಬಿ ಬಿಟ್ಟೇನಿ. ಈಗ ನನ್ನ ತಲಿ ಮ್ಯಾಲ ಹಾಕಬ್ಯಾಡ್ರಿ ಮತ್ತ!"

"ಖರೇನ ಬಂದ ಬುಕಿಂಗ್‌ನ್ಯಾಗ ಇಂಥಾದ್ದು ಐತೇನು, ನೋಡ್ರಿ ಮೊದ್ಲ" ಎಂದರು ಸರ್.

ನೋಡಿದೆವು. ಇತ್ತು. ಬರುವ ಭಾನುವಾರ ಗಂಗಾವತಿಯದೇ ಒಂದು ಮನೆಯ ನಿಕಾಹ್. ಮರುದಿನ ಕುಷ್ಟಗಿ ಕಡೆಯವರ ಮದುವೆ. ಎರಡೂ ಮನೆಯವರು ಕಾರ್ಡು ಹಂಚಿ ಆಗಿತ್ತು.

ಅವಳ ಮುಖದ ಬಣ್ಣ ಇಳಿಯುವುದನ್ನು ನೋಡಬೇಕೆಂದು ಶನಿವಾರದಿಂದ ಕಾದಿದ್ದೆ. ಇಳಿಯಿತು. ಆದರೆ ಆ ಹೊತ್ತಿಗೆ ನನ್ನ ಕಣ್ಣು ಪರದೆಯ ಮೇಲಿದ್ದ ಎರಡು ಮನೆಗಳ ಹೆಸರಿನ ಮೇಲಿತ್ತು. ನಾನು ತೋರಿಸಲು ಹಾಕಿದ್ದ ಸುಳ್ಳು ಬುಕಿಂಗ್‌ಗಳ ಪಕ್ಕದಲ್ಲೇ ಅವು ನಿಜವಾಗಿ ಕೂತಿದ್ದವು.

ಅವಳು ಮೆಲ್ಲಗೆ ಕೇಳಿದಳು: "ಅಕ್ಕಾ, ನಿಮಗಿದು ಯಾವಾಗ ಗೊತ್ತಾತು?"

"ಶನಿವಾರ."

"ಮಿರ್ಚಿ ಹಂಚಿಕೊಂಡ್ವಿ. ಇದನ್ನೂ ಹಂಚಿಕೋಬಹುದಿತ್ತಲ್ರಿ" ಎಂದಳು. ಸಿಟ್ಟಿನಿಂದಲ್ಲ. ಹೇಳಿ, ಲ್ಯಾಪ್‌ಟಾಪ್ ತೆರೆದಳು.

ಪರಿಹಾರ ಅವಳಿಗೆ ಕೂಡಲೇ ಹೊಳೆಯಿತು. ಅದನ್ನೂ ನಾನು ಕ್ಷಮಿಸಲಾರದೆ ಹೋದೆ. ಬುಕಿಂಗಿಗೆ ಒಂದೇ ತಾರೀಖಿನ ಬದಲು, ಅದು ಹಿಡಿಯುವ ಹೊತ್ತುಗಳನ್ನೇ ಕೋಷ್ಟಕದಲ್ಲಿ ಬೇರೆ ಬೇರೆ ಸಾಲುಗಳಾಗಿ ಇಡುವುದು. ಪ್ರತಿ ಸಾಲಿಗೂ ತಾರೀಖು, ಜೊತೆಗೆ 'ಹೊತ್ತು' ಎಂಬ ಹೊಸ ಫೀಲ್ಡ್. ಅದರ ಆಯ್ಕೆಪಟ್ಟಿಯಲ್ಲಿ ಎರಡೇ: ಹಗಲು, ಸಂಜೆ. ಮಂಟಪ, ತಾರೀಖು, ಹೊತ್ತು, ಮೂರೂ ಸೇರಿ ಯೂನಿಕ್. ನಿಕಾಹ್ ಭಾನುವಾರ ಸಂಜೆಯ ಸಾಲನ್ನು ಹಿಡಿಯುತ್ತದೆ. ಮರುದಿನದ ಮದುವೆ ಭಾನುವಾರ ಸಂಜೆ ಮತ್ತು ಸೋಮವಾರ ಹಗಲು, ಎರಡು ಸಾಲು ಹಿಡಿಯಲು ಬಂದರೆ ಕೆಂಪು.

ಈ ಬದಲಾವಣೆಯನ್ನು ಡೇಟಾಬೇಸಿಗೆ ಒಯ್ಯಲು ಮೈಗ್ರೇಶನ್ ಎಂಬ ಕಡತ ಬೇಕು. ಅದನ್ನು ತಯಾರಿಸಲು ಹೇಳಿದಾಗ ಫ್ರೇಮ್‌ವರ್ಕ್ ನಿಂತು ಒಂದು ಪ್ರಶ್ನೆ ಕೇಳಿತು. ಹೊಸ ಫೀಲ್ಡ್ ಖಾಲಿ ಇರಕೂಡದು ಎಂದಿದ್ದೀರಿ, ಆದರೆ ಕೋಷ್ಟಕದಲ್ಲಿ ಆಗಲೇ ಸಾಲುಗಳಿವೆ. ಅವುಗಳಿಗೆ ಏನು ತುಂಬಲಿ? ಈಗಲೇ ಒಂದು ಡಿಫಾಲ್ಟ್ ಕೊಡಿ, ಇಲ್ಲವೇ ನಿಲ್ಲಿಸಿ ಮಾಡೆಲ್ ತಿದ್ದಿ. ಅವಳು ಡಿಫಾಲ್ಟ್ ಎಂದು ಒತ್ತಿ, 'ಹಗಲು' ಎಂದು ಟೈಪ್ ಮಾಡತೊಡಗಿದಳು.

"ತಡಿ" ಎಂದೆ.

"ಹಗಲು ಅಂತ ತುಂಬಿ ಆಮ್ಯಾಲ ತಿದ್ದೂಣ್ರಿ ಅಕ್ಕಾ. ಸರ್ ಕಾಯಾಕತ್ಯಾರ."

"ಎಲ್ಲಾದಕ್ಕೂ ಹಗಲು ತುಂಬಿದ್ರ ಎಲ್ಲಾ ಸಂಜಿ ಹಸಿರ ಆಗ್ತಾವ. ಕಾಕಾ ಇವತ್ತ ಮಾರಿಬಿಡ್ತಾರ. ಆಮ್ಯಾಲ ಯಾವುದು ಪಾರ್ಟಿಯವ್ರು ಹೇಳಿದ ಹಗಲು, ಯಾವುದು ನಾವು ತುಂಬಿದ ಹಗಲು ಅಂತ ಹೆಂಗ ಗುರ್ತ ಹಿಡೀತಿ?"

ಅವಳ ಬೆರಳು ನಿಂತಿತು. ಅಂದು ನಾನು ತಡೆದದ್ದು ಆ ಮನೆಗಳಿಗಾಗಿಯೋ, ಅವಳಿಗೆ ಎರಡನೇ ಸಲ ತಪ್ಪು ತೋರಿಸಲೋ, ಎಷ್ಟು ಕೆದಕಿದರೂ ನನಗೆ ತಿಳಿಯುವುದಿಲ್ಲ. ತಡೆದದ್ದು ಸರಿಯಿತ್ತು. ಅಷ್ಟು ಮಾತ್ರ ಖಚಿತ.

ಹಿರಿಯಳಾಗಿ ತೀರ್ಮಾನ ನನ್ನದೇ ಆಗಬೇಕಿತ್ತು. ಮೈಗ್ರೇಶನ್ ನಿಲ್ಲಿಸಿದೆವು. 'ಹೊತ್ತು' ಫೀಲ್ಡ್ ಸದ್ಯಕ್ಕೆ ನಲ್ ಇರಬಹುದು, ಅಂದರೆ ಗೊತ್ತಿಲ್ಲ ಎಂದೇ ಇರಲಿ ಎಂದು ಬದಲಿಸಿದೆವು. ಆದರೆ ಯೂನಿಕ್ ಷರತ್ತು ನಲ್ ಇರುವ ಸಾಲುಗಳನ್ನು ಹೋಲಿಸುವುದೇ ಇಲ್ಲ. ಅವು ಎಷ್ಟಿದ್ದರೂ ಬಿಟ್ಟುಬಿಡುತ್ತದೆ. ಆದ್ದರಿಂದ ಎಲ್ಲ ಸಾಲು ತುಂಬುವವರೆಗೆ ಹೊಸ ಬುಕಿಂಗ್ ಬಂದ್. ಹಳೆಯ ಪ್ರತಿ ಪಾರ್ಟಿಗೂ ಫೋನ್ ಮಾಡಿ ಕೇಳಬೇಕು. ಎಲ್ಲ ತುಂಬಿದ ಮೇಲೆ ಇನ್ನೊಂದು ಮೈಗ್ರೇಶನ್, ಅದರಲ್ಲಿ ನಲ್ ಇರಲು ಬಿಡಬಾರದು.

ಸರ್ ತಲೆ ಹಿಡಿದುಕೊಂಡರು. "ಎಲ್ಲಾರಿಗೂ ಫೋನ್? ನಾವು ಸಾಫ್ಟ್‌ವೇರ್ ಮಾಡಾಕ ಬಂದೇವೋ, ಮದುವಿಗೆ ಕರಿಯಾಕ ಬಂದೇವೋ?"

"ಕರದ್ರ ಊಟ ಅರ ಸಿಗತೈತಿ ಸರ" ಎಂದಳು ಅವಳು. ಕಾಕಾ ಕೂಡ ನಕ್ಕರು. ಆ ಬಿಗುವಿನಲ್ಲಿ ನನಗೆ ಅಂಥದ್ದೊಂದು ಮಾತು ಹೊಳೆಯುತ್ತಿರಲಿಲ್ಲ.

ಫೋನ್ ನಂಬರ್‌ಗಳನ್ನು ಹಂಚಿಕೊಂಡೆವು. ಮುಸ್ಲಿಂ ಮನೆಗಳು ನನಗಿರಲಿ ಎಂದು ನಾನೇ ಹೇಳಿದೆ. ಅದು ಸಹಜ ಎಂದು ಎಲ್ಲರೂ ಒಪ್ಪಿದರು. ಮೊದಲು ಭಾನುವಾರದ ನಿಕಾಹ್ ಮನೆಗೇ ಮಾಡಿದೆ. ಹುಡುಗಿಯ ತಾಯಿ ಎತ್ತಿಕೊಂಡರು. ನಾನು ಆಫೀಸಿನಲ್ಲಿ ಮಾತಾಡುವ ಕನ್ನಡದಲ್ಲಿ, ತಾಂತ್ರಿಕ ಕಾರಣದಿಂದ ಸಮಯದಲ್ಲಿ ಸ್ವಲ್ಪ ಹೊಂದಾಣಿಕೆ ಬೇಕಾಗಿದೆ ಎಂದು ಶುರು ಮಾಡಿದೆ.

"ಏನ್ ಹೊಂದಾಣಿಕಿ? ಕಾರ್ಡ್ ಹಂಚೀವಿ, ಜಮಾತ್‌ನ್ಯಾಗ ಹೇಳೀವಿ. ನೀವು ಯಾರು ಮೊದಲ?" ಎಂದು ಫೋನ್ ಇಟ್ಟರು. ಮತ್ತೆ ಮಾಡಿದೆ. ಎತ್ತಲಿಲ್ಲ.

ಅವಳು ಕೈ ಚಾಚಿದಳು. "ಅಕ್ಕಾ, ನಂಬರ್ ಇತ್ತಾಗ ಕೊಡ್ರಿ."

ತನ್ನ ಫೋನಿನಿಂದ ಮಾಡಿ, ಸಲಾಂ ಹೇಳಿ, ಚಿಕ್ಕಮ್ಮನನ್ನು ಕರೆಯುವಂತೆ "ಖಾಲಾ" ಎಂದಳು. ಮುಂದಿನದೆಲ್ಲ ನಮ್ಮ ಮನೆಯಲ್ಲಿ ಅಮ್ಮಿ ಆಡುವ ಮಾತಿನಲ್ಲೇ. ಮದುವೆ ಹುಡುಗಿಯ ಹೆಸರು ಕೇಳಿದಳು, ಮೆಹಂದಿ ಯಾವತ್ತು ಎಂದು ಕೇಳಿದಳು. ತಪ್ಪು ನಮ್ಮದೇ, ನಿಮ್ಮದೇನೂ ಇಲ್ಲ ಎಂದಳು. "ಫಿಕರ್ ನಕ್ಕೋ ಕರೋ ಖಾಲಾ" ಎಂದು ನಡುನಡುವೆ ಸಮಾಧಾನ ಹೇಳಿದಳು. ಯಲಬುರ್ಗಾದಲ್ಲಿ ಅವರ ಮನೆಗೂ ಪಕ್ಕದ ಮುಸ್ಲಿಂ ಮನೆಗೂ ಒಂದೇ ಅಂಗಳವಂತೆ. ಆ ಮನೆಯ ಮಕ್ಕಳೊಂದಿಗೆ ಬೆಳೆದವಳು. ನನಗೆ ಅದುವರೆಗೆ ತಿಳಿದಿರಲಿಲ್ಲ. ಕೇಳಿರಲೂ ಇಲ್ಲ.

ನನ್ನ ಮಾಡೆಲ್ ಬಿಟ್ಟು ಅವಳದನ್ನು ಆರಿಸಿದಾಗ ಆದ ಹೊಟ್ಟೆಕಿಚ್ಚನ್ನು ನಾನು ಕೆಲಸದ ಮಾತು ಎಂದು ಒಳಗೇ ಮುಚ್ಚಿಡಬಹುದಿತ್ತು. ಇದಕ್ಕೆ ಮುಚ್ಚಳವೇ ಇರಲಿಲ್ಲ. ನನ್ನ ಊರಿನಲ್ಲಿ ಕೂತು, ನನ್ನ ತಾಯಿಯ ಮಾತನ್ನು ಅವಳು ಆಡುತ್ತಿದ್ದಳು. ನಾನು ಪಕ್ಕದಲ್ಲಿ ಪೆನ್ನು ಹಿಡಿದು ಕೇಳುತ್ತಿದ್ದೆ.

ನಿಕಾಹ್ ಮಗ್ರಿಬ್ ನಂತರದಿಂದ ಅಸರ್ ನಂತರಕ್ಕೆ, ಅಂದರೆ ಇಳಿಹೊತ್ತಿಗೆ ಬಂತು. ಊಟ ಕತ್ತಲಾಗುತ್ತಲೇ ಮುಗಿಸಲು ತಾಯಿ ಒಪ್ಪಿದರು. ಹೀಗೆ ಅದು ಭಾನುವಾರ ಹಗಲಿನ ಸಾಲಿಗೆ ಸರಿದು, ಸಂಜೆಯ ಸಾಲು ಕುಷ್ಟಗಿಯವರಿಗೆ ಉಳಿಯಿತು. ಕುಷ್ಟಗಿಯವರೊಂದಿಗೆ ನಾನು ಮಾತಾಡಿದೆ. ಮದುಮಗನ ಸೋದರಮಾವ ಸ್ವಲ್ಪ ಹೊತ್ತು ಗುಡುಗಿದರು. ಅಡುಗೆಯವರಿಗೆ ಮಂಟಪದ ಹಿಂಬದಿಯ ಒಲೆ ಮೊದಲೇ ಬಿಟ್ಟುಕೊಡುತ್ತೇವೆ, ನೀವು ಮಾತ್ರ ತಡವಾಗಿ ಬನ್ನಿ ಎಂದೆ. "ಆತು ಬಿಡ್ರಿ. ಊರಾಗ ಉಂಡ ಗಾಡಿ ಬಿಡತೇವಿ. ದಾರ್‍ಯಾಗ ನಿದ್ದಿ ಅರ ಆಗತೈತಿ" ಎಂದರು. ಈ ಒಂದು ಕರೆಯನ್ನು ನಾನೂ ಚೆನ್ನಾಗಿಯೇ ನಿಭಾಯಿಸಿದೆ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಯಾರೂ ಹೇಳಲಿಲ್ಲ, ಅದಕ್ಕೇ ಬರೆದುಕೊಂಡಿರಬೇಕು.

ಮರುದಿನ ಸಮಯ ಖಚಿತಪಡಿಸಿಕೊಳ್ಳಲು ಆ ತಾಯಿಗೆ ನಾನೇ ಮತ್ತೆ ಫೋನ್ ಮಾಡಿದೆ. ಈ ಸಲ ಮನೆಮಾತಿನಲ್ಲೇ ಸಲಾಂ ಹೇಳಿದೆ. ಅವರು ಸೌಮ್ಯವಾಗಿಯೇ ಕೇಳಿಕೊಂಡು, "ಕಲ್ ಬಾತ್ ಕರೀ ಸೋ ಬೇಟೀಕು ದೇವ್ ಮಾ" ಎಂದರು. ನಿನ್ನೆ ಮಾತಾಡಿದ ಮಗಳಿಗೆ ಫೋನ್ ಕೊಡು ಎಂದು. ಕೊಟ್ಟೆ.

ಉಳಿದ ಪಾರ್ಟಿಗಳಿಗೆ ಫೋನ್ ಮಾಡುವುದರಲ್ಲೇ ಆ ವಾರ ಕಳೆಯಿತು. ಹೇಳಿದ ಹಾಗೆ ಹಗಲು, ಸಂಜೆ ತುಂಬುತ್ತ ಹೋದೆವು. ನಲ್ ಸಾಲುಗಳು ಕರಗಿ ಕೊನೆಗೆ ಒಂದೂ ಉಳಿಯಲಿಲ್ಲ. ಎರಡನೇ ಮೈಗ್ರೇಶನ್ ಓಡಿಸಿದೆವು, ತಡೆಯಿಲ್ಲದೆ ಹೋಯಿತು. ಸೋಮವಾರ ಕಾಕಾ ಫೋನ್ ಮಾಡಿದರು. "ಮುಂದಿನ ಬಾಗಿಲದಿಂದ ಇವ್ರು ಮಗಳನ್ನ ಕಳಿಸಿಕೊಟ್ರು. ಹಿಂದಿನ ಬಾಗಿಲದಿಂದ ಅವ್ರ ಅಡಗಿ ಸಾಮಾನ ಒಳಗ ಬಂತು. ಬಿರ್ಯಾನಿ ಉಳದಿತ್ತು, ನನಗೂ ಕಟ್ಟಿ ಕೊಟ್ರು. ಒಂದ ಮಾತ ಬರ್ಲಿಲ್ಲ ನೋಡ್ರಿ."

ಆ ಮಧ್ಯಾಹ್ನ ಸರ್ ನನ್ನನ್ನು ಒಬ್ಬಳನ್ನೇ ಕರೆದರು.

"ಮೇಡಂ, ತಪ್ಪ ಹಿಡಿಯೂದು ನಿಮ್ಮಂಗ ಯಾರಿಗೂ ಬರಂಗಿಲ್ಲ. ಡಿಫಾಲ್ಟ್ ತಡದ್ರಿ, ಇಲ್ಲಂದ್ರ ನಾವು ಮುಳಗತಿದ್ವಿ. ಆದ್ರ ನಾಕೂ ಊರಿನ ಮಂದಿ ಜೋಡಿ ದಿನಾ ಮಾತಾಡಬೇಕು. ಉಸ್ತುವಾರಿ ಆಕಿ ನೋಡಲಿ. ನೀವು ಬ್ಯಾರೆ ತಿಳ್ಕೋಬ್ಯಾಡ್ರಿ."

ಬೇರೆ ತಿಳಿದುಕೊಳ್ಳಲು ಏನಿತ್ತು? ಸರಿಯಾಗಿಯೇ ತಿಳಿಯಿತು. "ಆತ್ರಿ ಸರ" ಎಂದೆ. ಅಮ್ಮಿಗೆ ಏನು ಹೇಳುವುದೆಂದು ಆಗಲೇ ಲೆಕ್ಕ ಹಾಕುತ್ತಿದ್ದೆ.

ಅವಳಿಗೆ ಪೂರ್ಣ ಅಧಿಕಾರ ಕೊಡುವ ಕೆಲಸ ನನ್ನದಾಗಿತ್ತು. ಬಳಕೆದಾರರ ಮಾಡೆಲ್‌ನಲ್ಲಿ ಹೌದು ಅಥವಾ ಇಲ್ಲ ಎಂಬ ಒಂದು ಫೀಲ್ಡ್ ಇದೆ: ಈ ವ್ಯಕ್ತಿಗೆ ಎಲ್ಲ ಅಧಿಕಾರವೂ ಇದೆಯೇ? ಅದರ ಡಿಫಾಲ್ಟ್ 'ಇಲ್ಲ'. ಆ ಅಧಿಕಾರ ಆಗಲೇ ಇರುವ ಯಾರಾದರೂ ಬಂದು ಗುರುತು ಹಾಕುವವರೆಗೆ ಅದು 'ಇಲ್ಲ' ಎಂದೇ ಇರುತ್ತದೆ. ಆ ವ್ಯವಸ್ಥೆಯಲ್ಲಿ ಅದು ಇದ್ದದ್ದು ನನಗೊಬ್ಬಳಿಗೇ.

ಅವಳ ಖಾತೆಯ ಪುಟ ತೆರೆದೆ. ಹೆಸರು, ಇಮೇಲ್, ಸೇರಿದ ದಿನ, ಎಲ್ಲವನ್ನೂ ಮೇಲಿಂದ ಕೆಳಗೆ ಓದಿದೆ. ಏನಾದರೂ ತಪ್ಪು ಸಿಗಬಹುದೆಂದು ಹುಡುಕುತ್ತಿದ್ದೆ ಎಂದರೆ ನಂಬಬಹುದು. ಏನೂ ಸಿಗಲಿಲ್ಲ. ಚೌಕದಲ್ಲಿ ಗುರುತು ಹಾಕಿದೆ. ಆಮೇಲೆ ಕೈ ಮೌಸಿನ ಮೇಲೆಯೇ ಉಳಿಯಿತು. ಕಿಟಕಿಯ ಹೊರಗೆ ಯಾರೋ ಟೈಲ್ಸ್ ಇಳಿಸುತ್ತಿದ್ದರು. ಅದನ್ನು ನೋಡುತ್ತ ಕೂತೆ.

ಅವಳು ಪಕ್ಕದ ಕುರ್ಚಿಯಲ್ಲಿದ್ದಳು. ಎಷ್ಟು ಹೊತ್ತಿನಿಂದ ನನ್ನ ಪರದೆ ನೋಡುತ್ತಿದ್ದಳೋ.

"ಅಕ್ಕಾ" ಎಂದಳು. "ಟಿಕ್ ಆತು. ಸೇವ್ ಒತ್ರಿ ಇನ್ನ."

ಒತ್ತಿದೆ.